ರೂತ್ ಅಕ್ಕೋರಿಗಾಗಿ ಹಾಡ್ಯಾಡಿ ಅತ್ತದ್ದು

ಅಕ್ಕೋರೇ,

ನಾನು ಶರಣು ಎಂದರೆ ನೀವು ಸ್ತೋತ್ರ ಎನ್ನುತ್ತಿದ್ದಿರಿ. ಇವತ್ತು ನಾನೊಬ್ಬಳೇ ಶರಣು ಎಂದು ಬರೆದು ಸುಮ್ಮನೆ ಕೂತಿದ್ದೇನೆ. ಆ ಕಡೆಯಿಂದ ಏನೂ ಬರುವುದಿಲ್ಲ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಸತ್ತವರಿಗೆ ಕಿವಿಯಿಲ್ಲ ಎಂದು ನಿಮ್ಮ ಎದುರಿಗೇ ಮೇಜು ಗುದ್ದಿ ವಾದಿಸಿದವಳು ನಾನು. ನಗಬೇಡಿ. ಅಥವಾ ನಗಿ, ಒಂದು ಸಲ ನಕ್ಕರೆ ಏನು ಹೋಗುತ್ತದೆ...

ನೀವು ಸತ್ತಿರಿ. ತೀರಿಕೊಂಡಿರಿ, ಅಗಲಿದಿರಿ, ಕರ್ತನಲ್ಲಿ ನಿದ್ರೆ ಹೋದಿರಿ ಎಂದೆಲ್ಲ ಬರೆಯಲು ನನ್ನ ಕೈ ಏಳುವುದಿಲ್ಲ. ಕೆಟ್ಟದ್ದನ್ನು ಮೆತ್ತಗೆ ಹೇಳುವುದಕ್ಕೂ ಸಾಹಿತ್ಯದಲ್ಲಿ ಒಂದು ಹೆಸರಿದೆ, ಸೌಮ್ಯೋಕ್ತಿ ಎನ್ನುತ್ತಾರೆ ಎಂದು ಕಲಿಸಿದವರು ನೀವೇ. ಬಳೆ ಒಡೆದರೆ ‘ಬಳಿ ಹೆಚ್ಚಾದವು’ ಅನ್ನುತ್ತೇವೆ, ದೀಪ ಆರಿಸು ಎನ್ನುವ ಬದಲು ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ, ಇದೇ ಅದು, ಹೊರಗೆಲ್ಲೂ ಹುಡುಕಬೇಡಿರಿ ಎಂದಿರಿ. ಕಲಿತೆ. ಬಳಸಲಿಲ್ಲ. ಚಳವಳಿ ನನಗೆ ಕಲಿಸಿದ್ದು ಬೇರೆ: ಕೊಲೆಯನ್ನು ಕೊಲೆ ಅನ್ನು, ಹಸಿವನ್ನು ಹಸಿವು ಅನ್ನು. ಹಾಗಾಗಿ ಸಾವನ್ನು ಸಾವು ಎನ್ನುತ್ತೇನೆ. ಒಂದು ವರ್ಷವಾಯಿತು, ಇನ್ನೂ ಆ ಪದ ಬಾಯಲ್ಲಿ ಕಲ್ಲಿನ ಹಾಗೆ ಕೂತಿದೆ. ನೋಡಿ, ‘ಹಾಗೆ’ ಬಂತು. ಉಪಮೆ.

ಉಪಮಾಲಂಕಾರ ಶುರು ಮಾಡಿದ ದಿನ ನಿಮಗೆ ನೆನಪಿದೆಯೇ? ಬೀದರಿನ ಆ ಹೆಣ್ಣುಮಕ್ಕಳ ಶಾಲೆ, ತಗಡಿನ ಮಾಡಿನ ಕೋಣೆ, ಹಾಸ್ಟೆಲಿನ ನಾವೆಲ್ಲ ಹಿಂದಿನ ಬೆಂಚಿನಲ್ಲಿ. ನೀವು ಹಲಗೆಯ ಮೇಲೆ ‘ಆಕೆಯ ಮುಖ ಕಮಲದಂತೆ ಅರಳಿತು’ ಎಂದು ಬರೆದಿರಿ. ನಾನು ಎದ್ದು ನಿಂತೆ.

“ಅಕ್ಕೋರ್ರಿ, ಕಮಲ ಯಾರ್ ನೋಡ್ಯಾರ್ರಿ? ನಮ್ಮ ಚಿಂತಾಕ್ಯಾಗ ಕುಡಿಲಾಕ ನೀರಿಲ್ಲ, ಕಮಲ ಎಲ್ಲಿಂದ ಬರ್ತದ?”

ಇಡೀ ತರಗತಿ ನಕ್ಕಿತು. ಬೇರೆ ಯಾರೇ ಆಗಿದ್ದರೂ ನನ್ನ ಕಿವಿ ಹಿಂಡುತ್ತಿದ್ದರು. ನೀವು ಡಸ್ಟರು ತೆಗೆದುಕೊಂಡು ಕಮಲವನ್ನು ಒರೆಸಿಬಿಟ್ಟಿರಿ.

“ನೋಡಿಲ್ಲಂದ್ರ ಬಿಡು. ನಿಮ್ಮವ್ವನ ಮುಖ ಯಾತರ ಹಂಗ ಅದ?”

“ಕರಿ ಕಂಬಳಿ ಹಂಗ್ರಿ.”

“ಯಾಕ ಕಂಬಳಿ? ಕರ್ರಗದ ಅಂತೇನ?”

“ಅಲ್ರಿ. ಬಿಸಿಲಿಗೂ ಆಗ್ತದ, ಮಳಿಗೂ ಆಗ್ತದ, ಅದಕ್ರಿ.”

ಅದನ್ನೇ ಹಲಗೆಯ ಮೇಲೆ ಬರೆದು ನಾಲ್ಕು ತುಂಡು ಮಾಡಿದಿರಿ. ಅವ್ವನ ಮುಖ ಉಪಮೇಯ, ಯಾವುದನ್ನು ಹೋಲಿಸುತ್ತೇವೋ ಅದು. ಕಂಬಳಿ ಉಪಮಾನ, ಯಾವುದಕ್ಕೆ ಹೋಲಿಸುತ್ತೇವೋ ಅದು. ‘ಹಂಗ’ ಎನ್ನುವುದು ಎರಡನ್ನೂ ಹೊಲಿಯುವ ದಾರ. ಬಿಸಿಲು ಮಳೆ ಎರಡನ್ನೂ ತಡೆಯುವ ಗುಣ, ಅದು ಎರಡಕ್ಕೂ ಸಮಾನವಾದ ಧರ್ಮ. “ಈಗ ದಾರ ಕಿತ್ತು ಹಾಕು, ‘ನಮ್ಮವ್ವನೇ ಕಂಬಳಿ’ ಅನ್ನು. ಅದು ರೂಪಕ” ಎಂದಿರಿ. ಆ ಕೋಣೆಯಲ್ಲಿ ಮೊದಲ ಸಲ ಕುರಿ ಕಾಯುವವಳ ಮುಖ ಸುಣ್ಣದ ಅಕ್ಷರವಾಗಿ ಹಲಗೆಯ ಮೇಲೆ ಕೂತಿತು. ಅವತ್ತು ನನಗೆ ಸಿಟ್ಟು ಬಂತೋ ಅಳು ಬಂತೋ, ಇವತ್ತಿಗೂ ಹೇಳಲಾರೆ.

ಚಿದ್ರಿಯ ನಿಮ್ಮ ಮನೆಯ ಕಟ್ಟೆಯ ಮೇಲೆ ನಾವು ಜಗಳಾಡಿದ್ದು ಅದಾದ ಎಷ್ಟೋ ವರ್ಷಕ್ಕೆ. ಆಗ ನಾನು ಭಾಲ್ಕಿಯಲ್ಲಿ ಕಟ್ಟಡ ಕಾರ್ಮಿಕರ ಸಂಘಟನೆಯಲ್ಲಿದ್ದೆ, ಕವಿತೆ ಓದಲು ಊರೂರು ಕರೆಯುತ್ತಿದ್ದರು. ಅಲಂಕಾರವೆಲ್ಲ ಉಳ್ಳವರ ಮೈಮೇಲಿನ ಒಡವೆ, ನಮಗೆ ಬೇಕಾದದ್ದು ಬರಿಮೈಯ ಮಾತು ಎಂದು ಸಾರಿಕೊಂಡು ತಿರುಗುತ್ತಿದ್ದೆ. ಅದನ್ನೇ ನಿಮಗೂ ಹೇಳಿದೆ. ನೀವು ನನ್ನ ಕವಿತೆಯ ಹಾಳೆ ಇಸಿದುಕೊಂಡು ಕನ್ನಡಕ ಏರಿಸಿ ಓದಿದಿರಿ.

“ಬೆಂಕಿ ಅದ. ನೆತ್ತರ ಅದ. ಕತ್ತಿ ಅದ. ಕೆಂಪು ಸೂರ್ಯ ಮತ್ತ ಹುಟ್ಟ್ಯಾನ. ಇವೇನು ಅಲಂಕಾರ ಅಲ್ಲೇನ ಮಾಳವ್ವ? ಒಡವಿ ಬ್ಯಾಡ ಬ್ಯಾಡ ಅಂತ ಮಂದಿ ಒಡವಿ ಕಡ ತಂದು ಹಾಕ್ಕೊಂಡು ಕುಂತೀಯಲ್ಲ.”

“ಅಕ್ಕೋರ್ರಿ, ಅವು ನಮ್ಮ ಹೋರಾಟದ ಸಂಕೇತ್ರಿ.”

“ಸಂಕೇತನ. ಆದ್ರ ಎಲ್ಲಾರ ಕೈಯಾಗ ಆಡಿ ಆಡಿ ಸವದು ಹೋಗ್ಯಾದ. ಸವದ ನಾಣ್ಯ ಅಂಗಡ್ಯಾಗ ಯಾರೂ ಇಸ್ಕೊಳ್ಳಲ್ಲವ್ವ. ಇಷ್ಟರಾಗ ನಿಮ್ಮವ್ವ ಎಲ್ಲಿ?”

ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದೆ. ಬೀದಿಯ ತಿರುವಿನವರೆಗೂ ನಿಮ್ಮ ದನಿ ಬೆನ್ನು ಹತ್ತಿತು: “ಊಟ ಮಾಡ್ಕೊಂಡು ಸಿಟ್ಟು ಮಾಡು, ಬಾ ಇಲ್ಲಿ!” ಬಂದು ಉಂಡೆ. ಉಂಡು ಮತ್ತೆ ಜಗಳಾಡಿದೆ. ನೀವಲ್ಲದೆ ಯಾರು ನನ್ನ ಸಿಟ್ಟಿಗೂ ಬಡಿಸಿಟ್ಟು ಕಾದಾರು?

ಭಾಲ್ಕಿಯಲ್ಲಿ ಗೋಡೆ ಕುಸಿದು ನಮ್ಮ ಸಂಘಟನೆಯ ಹೆಣ್ಣುಮಗಳೊಬ್ಬಳು ಸತ್ತಾಗ ನೀವು ಕಲಿಸಿದ ಪದವೇ ಸಂಬೋಧನೆ. ಎದುರಿಗೆ ಇಲ್ಲದವರನ್ನು, ಸತ್ತವರನ್ನು, ಮಾತು ಬಾರದ ಕಲ್ಲು ಮಣ್ಣನ್ನು ಎದುರಿಗಿದ್ದಂತೆ ಕರೆದು ಮಾತಾಡಿಸುವುದು. “ಆಕಿ ಬಗ್ಗೆ ಬರೀಬ್ಯಾಡ, ಆಕಿಗೇ ಬರಿ. ಏಳವ್ವ ಅನ್ನು, ಗೋಡಿ ಯಾರ್ ಕಟ್ಟ್ಯಾರ ಹೇಳವ್ವ ಅನ್ನು” ಎಂದಿರಿ. ನಾನು ಒಪ್ಪಲಿಲ್ಲ.

“ಸತ್ತವರಿಗಿ ಅರ್ಜಿ ಕೊಟ್ರ ಯಾವ ಕೆಲಸ ಆಗ್ತದ್ರಿ? ಅರ್ಜಿ ತಹಶೀಲ್ದಾರಗ ಕೊಡಬೇಕು.”

“ಆಯ್ತವ್ವ. ಮತ್ತ ನಿಮ್ಮವ್ವ ಮಾಡೋದೇನು?”

ನಮ್ಮಜ್ಜಿ ಸತ್ತಾಗ ನೀವು ಬೀದರಿನಿಂದ ಬಸ್ಸು ಹತ್ತಿ ಚಿಂತಾಕಿಗೆ ಬಂದಿದ್ದಿರಿ. ನಮ್ಮವ್ವ ಹೆಣದ ಕಾಲು ಹಿಡಿದು ಹಾಡ್ಯಾಡಿ ಅಳುವುದನ್ನು ಕೇಳಿದ್ದಿರಿ. ಮಾತಿಗೆ ಮಾತು ಪೋಣಿಸಿ, ಧಾಟಿ ಹಿಡಿದು, ಸತ್ತವಳನ್ನೇ ‘ನೀನು’ ಎಂದು ಕರೆದು ಕೇಳುವುದು, ಬೈಯುವುದು, ಎಬ್ಬಿಸುವುದು. ನಮ್ಮ ಕಡೆಯ ಹೆಂಗಸರಿಗೆ ಅದು ಅಳುವ ರೀತಿ, ಅಷ್ಟೇ. ಅದನ್ನು ನೆನೆಸಿಕೊಂಡು ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸಿದಿರಿ. ಆಮೇಲೆ ಹೇಳಿದಿರಿ:

“ನಿಮ್ಮಲ್ಲಿ ಹಾಡ್ಯಾಡಿ ಅಳ್ತೀರಿ. ನಮ್ಮ ಚರ್ಚಿನ ಸಭೆಯವರು ಹಾಡ್ತಾರ, ಅಳೋದಿಲ್ಲ. ನಂಗ ಮದುವಿ ಇಲ್ಲ, ಮಕ್ಕಳಿಲ್ಲ. ನಾ ಸತ್ತ ದಿನ ನನ್ನ ಹೆಸರ ಹಿಡಿದು ಕರದು ಅಳೋರು ಒಬ್ಬರಾದ್ರ ಬೇಕು ನೋಡು. ನಿಮ್ಮವ್ವನಿಗಿ ಹೇಳಿ ಇಡು.”

“ಸಾಯೋ ಮಾತು ಯಾಕ್ರಿ ಈಗ?”

“ಸೌಮ್ಯೋಕ್ತಿ ನಿಂಗ ಸೇರಲ್ಲಲ್ಲ, ಅದಕ್ಕ ನೆಟ್ಟಗ ಹೇಳ್ದೆ.”

ನೀವು ನಕ್ಕಿರಿ. ನಾನು ನಗಲಿಲ್ಲ. ಆ ಮಾತನ್ನು ನಾನು ಆಜ್ಞೆ ಎಂದು ತೆಗೆದುಕೊಂಡೆ.

ಮಾರ್ಥಾ ಸಿಸ್ಟರ್ ಫೋನು ಮಾಡಿದ ಬೆಳಿಗ್ಗೆ ನಾನು ಭಾಲ್ಕಿಯಲ್ಲಿದ್ದೆ. ನರ್ಸಾಗಿದ್ದ ನಿಮ್ಮ ತಂಗಿಯ ದನಿ ಗೊತ್ತಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ಔಷಧಿ ಹೇಳಿದ ಹಾಗೆ: “ಅಕ್ಕ ಹೋದಳು. ಕುರ್ಚಿ ಮ್ಯಾಲೆ ಕುಂತಾಕಿ ಏಳಲಿಲ್ಲ. ಸಂಜಿಗಿ ಮಣ್ಣು. ಬಾ.” ನಾನು ನೇರ ಬೀದರಿಗೆ ಬರಲಿಲ್ಲ. ಔರಾದಿಗೆ ಹೋದೆ. ಅಣ್ಣನ ಮಗನಿಗೆ ಹೇಳಿ ಅವ್ವನನ್ನು ಚಿಂತಾಕಿಯಿಂದ ಟಂಟಂ ಆಟೋದಲ್ಲಿ ಔರಾದ್ ಬಸ್‌ಸ್ಟ್ಯಾಂಡಿಗೆ ಕರೆಸಿದೆ. ನಿಮ್ಮ ಆಜ್ಞೆಯಿತ್ತು. ಅವ್ವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡು ಕೇಳಿದಳು.

“ಏನಂತ ಅಳಲಿ ಯವ್ವಾ? ಆಕಿ ಏನೇನ್ ಮಾಡ್ತಿದ್ಲು ಹೇಳು.”

“ಸಾಲ್ಯಾಗ ಕನ್ನಡ ಹೇಳ್ತಿದ್ರು. ಉಪಮೆ, ರೂಪಕ, ಸಂಬೋಧನೆ...”

“ಅವು ಏನು?”

ಹೇಳಲು ಹೋದೆ. ಹಿಂದಿನ ಸೀಟಿನವರು ಮೊಬೈಲಿನಲ್ಲಿ ಜೋರಾಗಿ ಏನೋ ಹಚ್ಚಿದ್ದರು, ಡ್ರೈವರ್ ಹಾರ್ನಿನ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಅವ್ವ ತಾನೇ ಲೆಕ್ಕ ಹಾಕತೊಡಗಿದಳು.

“ಗಂಡ ಇಲ್ಲ ಅಂತಿ. ಮಕ್ಕಳಿಲ್ಲ. ಹೊಲ?”

“ಇಲ್ಲ.”

“ಆಡು, ಕುರಿ, ಆಕಳ?”

“ಇಲ್ಲವ್ವ.”

“ಹಂಗಾದ್ರ ಹ್ಯಾಂಗ ಅಳಬೇಕ ನಾ? ಅಳ್ಲಾಕಾದ್ರೂ ಏನಾರ ಬೇಕಲ್ಲ!”

ಬೀದರ್ ಬರುವವರೆಗೂ ಅವ್ವನ ತುಟಿ ಅಲುಗುತ್ತಲೇ ಇತ್ತು. ಏನನ್ನೋ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ.

ಅಂಗಳದಲ್ಲಿ ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ನಿಮ್ಮನ್ನು ಇಟ್ಟಿದ್ದರು. ಬಿಳಿ ಸೀರೆ, ಕೈಯಲ್ಲಿ ಬೈಬಲ್ಲು, ಮೂಗಿನಲ್ಲಿ ಹತ್ತಿ. ಸಭೆಯವರು ಪುಸ್ತಕ ಹಿಡಿದು ಕೀರ್ತನೆ ಹಾಡುತ್ತಿದ್ದರು, ಚಂದ ಹಾಡುತ್ತಿದ್ದರು, ಯಾರ ಕಣ್ಣಲ್ಲೂ ನೀರಿಲ್ಲ. ಮಾರ್ಥಾ ಸಿಸ್ಟರ್ ನಿಮ್ಮ ತಲೆಯ ಹತ್ತಿರ ಕೋಲಿನಂತೆ ನಿಂತು, ಬಂದವರಿಗೆಲ್ಲ “ಗದ್ದಲ ಬ್ಯಾಡ್ರಿ, ಅಕ್ಕ ಶಾಂತಿಲೆ ಹೋಗ್ಯಾಳ” ಎನ್ನುತ್ತಿದ್ದರು. ಹಾಡು ಮುಗಿದು ಒಂದು ಉಸಿರಿನ ಬಿಡುವು ಸಿಕ್ಕಿತು. ಅವ್ವ ಮುಂದೆ ಹೋಗಿ ನಿಮ್ಮ ಕಾಲು ಹಿಡಿದಳು.

“ಯವ್ವಾ ನನ್ನ ರೂತವ್ವಾ... ಹಾಲಿನ ಗಡಿಗಿ ಹಂಗ ಇದ್ದಾಕಿ ಎಲ್ಲಿ ಹೋದೀ... ಹೊಲದಿಂದ ಗಂಡ ಬಂದಾನ, ಕಾಲಿಗಿ ನೀರು ಕೊಡೋರಿಲ್ಲ, ಏಳ ನನ್ನವ್ವಾ... ಕಣದಾಗ ಜೋಳದ ರಾಶಿ ಬಿದ್ದಾದ, ತೂರೋರಿಲ್ಲ, ಏಳ ನನ್ನವ್ವಾ... ಕುರಿ ತಿರಿಗಿ ಹಟ್ಟಿಗಿ ಬಂದಾವ, ತಟ್ಟಿ ತಗಿಯೋರಿಲ್ಲ... ನಿನ್ನ ದನಿ ಕೇಳದ ಮರಿ ಒದರ್ತಾವ, ಏಳ...”

ಅಕ್ಕೋರೇ, ನಾನು ಬೆವತೆ. ಅವ್ವ ಬಾಯಿ ತೆರೆದ ಕೂಡಲೆ ಹಳೆಯ ದಾರಿ ಆಕೆಯನ್ನು ಎಳೆದುಕೊಂಡು ಹೋಗಿತ್ತು. ಎಲ್ಲ ಹೆಂಗಸರಿಗೂ ಅಳುವ ಅದೇ ಗಂಡ, ಅದೇ ಕಣ, ಅದೇ ಹಟ್ಟಿ. ನಿಮ್ಮ ಹಳೆಯ ವಿದ್ಯಾರ್ಥಿನಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಅಕ್ಕೋರಿಗಿ ಗಂಡ ಯಾವಾಗ ಬಂದನೇ?” ಸಭೆಯ ಹಿರಿಯರಾದ ಸೈಮನ್ ಮಾಸ್ತರು ಬಂದು ಅವ್ವನ ಭುಜ ಮುಟ್ಟಿದರು. ಒರಟಾಗಿ ಅಲ್ಲ, ಅದನ್ನೂ ಹೇಳಬೇಕು.

“ತಾಯಿ, ಏಳ್ರಿ. ನಮ್ಮಲ್ಲಿ ಹಿಂಗ ಅಳಲ್ರಿ. ಸತ್ತವರು ಮತ್ತ ಏಳ್ತಾರಂಬ ನಿರೀಕ್ಷೆ ಇದ್ದವರು ನಾವು. ಮ್ಯಾಲ ನೀವು ಅನ್ನೋದು ಖರೇನೂ ಅಲ್ರಿ.”

ನನ್ನ ಗಂಟಲಿನಲ್ಲಿ ಭಾಷಣ ಸಿದ್ಧವಾಗಿತ್ತು. ಹೆಂಗಸು ಹೇಗೆ ಅಳಬೇಕೆಂದು ಹೇಳಲು ಗಂಡಸು ಯಾರು, ಗುಡಿಯ ಗಂಡಸಾದರೇನು ಚರ್ಚಿನ ಗಂಡಸಾದರೇನು ಎಂದು ಶುರುವಾಗುತ್ತಿತ್ತು ಅದು. ಆದರೆ ಮಾಸ್ತರು ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು. ನಿಮ್ಮ ಹೆಸರು ಹಿಡಿದು ಅವ್ವ ಅಳುತ್ತಿದ್ದಳು, ಅಳು ಮಾತ್ರ ನಿಮ್ಮದಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾರ್ಥಾ ಸಿಸ್ಟರ್ ಮಾತಾಡಿದರು. ಅದೇ ವಾರ್ಡಿನ ದನಿ.

“ಮಾಸ್ತರ, ಬಿಡ್ರಿ ಆಕಿನ್ನ. ಜನ್ಮ ಪೂರಾ ನಮ್ಮಕ್ಕ ಮಂದಿ ಮಕ್ಕಳಿಗಿ ಉಪಮೇಯ ಉಪಮಾನ ಅಂತ ಒದರ್ಕೋತ ಹೋದಳು. ಆಕಿಗಿ ಯಾರ್ ಏನ್ ಕೊಟ್ಟಾರ್ರಿ? ಒಂದು ಶಾಲು, ಒಂದು ಗಡಿಯಾರ. ಈ ತಾಯಿ ಒಂದು ಗಳಿಗ್ಯಾಗ ಗಂಡನ್ನ ಕೊಟ್ಟಳು, ಹೊಲ ಕೊಟ್ಟಳು, ಹಟ್ಟಿ ತುಂಬ ಕುರಿ ಕೊಟ್ಟಳು. ತಗೊಂಡು ಹೋಗಲಿ ಬಿಡ್ರಿ.”

ಮಾಸ್ತರು ಕೈ ತೆಗೆದರು. ಆದರೆ ಅವ್ವ ಎದ್ದುಬಿಟ್ಟಿದ್ದಳು. ‘ಖರೇನೂ ಅಲ್ರಿ’ ಎನ್ನುವ ಮಾತು ಆಕೆಗೆ ಕೇಳಿಸಿತ್ತು. ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಪಕ್ಕ ಹೋಗಿ ಕೂತಳು, ನಿಮ್ಮನ್ನು ಎತ್ತುವವರೆಗೂ ಅಲ್ಲಿಂದ ಏಳಲಿಲ್ಲ. ಅಕ್ಕೋರೇ, ಅವ್ವ ಕೊಟ್ಟಿದ್ದಕ್ಕೆ ಏನೆಂದು ಹೆಸರಿಡುತ್ತೀರಿ? ಉತ್ಪ್ರೇಕ್ಷೆಯೇ? ಅತಿಶಯೋಕ್ತಿಯೇ? ಹಸಿ ಸುಳ್ಳೇ? ಪರೀಕ್ಷೆಯಲ್ಲಿ ಬಂದಿದ್ದರೆ ನಾನು ಏನು ಬರೆಯಬೇಕಿತ್ತು?

ನಿಮ್ಮ ಶ್ರದ್ಧಾಂಜಲಿ ಸಭೆಯ ಸುದ್ದಿ ಕೇಳಿದರೆ ನಿಮಗೆ ಕೆಂಪು ಪೆನ್ನು ಬೇಕಾಗುತ್ತದೆ. ಬೀದರಿನ ಒಂದು ಹಾಲಿನಲ್ಲಿ ದೊಡ್ಡ ಫ್ಲೆಕ್ಸು, ಅದರಲ್ಲಿ ನಿಮಗಿಂತ ಅತಿಥಿಗಳ ಮುಖ ದೊಡ್ಡದು. ಒಬ್ಬರು ನಿಮ್ಮನ್ನು ಧ್ರುವತಾರೆ ಎಂದರು, ಇನ್ನೊಬ್ಬರು ಆಲದ ಮರ ಎಂದರು, ಮತ್ತೊಬ್ಬರು ತುಂಬಲಾರದ ನಷ್ಟ ಎಂದು ಹೇಳಿ ಮುಂದಿನ ಸಮಾರಂಭಕ್ಕೆ ಹೊರಟರು. ಒಬ್ಬರಾದರೂ ನಿಮ್ಮನ್ನು ಕರೆಯಲಿಲ್ಲ, ಎಲ್ಲರೂ ನಿಮ್ಮ ಬಗ್ಗೆ ಮಾತಾಡಿದರು. ನನ್ನ ಸರದಿ ಬಂತು. ಮೈಕು ಹಿಡಿದೆ. ಸಾವಿರ ಜನರ ಮುಂದೆ ಪೊಲೀಸರಿಗೆ ಬೈದವಳು ನಾನು. ‘ಅಕ್ಕೋರೇ’ ಎಂದೆ. ಮುಂದೆ ಹೋಗಲಾಗಲಿಲ್ಲ. ‘ನೀವು’ ಎಂದ ಕೂಡಲೆ ನೀವು ಇಲ್ಲವೆಂಬುದು ಎದುರಿಗೆ ಬಂದು ನಿಲ್ಲುತ್ತದೆ, ಅಷ್ಟು ಗಟ್ಟಿಯಾಗಿ ಅದನ್ನು ಹೇಳುವ ಮಾತು ಇನ್ನೊಂದಿಲ್ಲ ಎಂದು ಯಾಕೆ ಮೊದಲೇ ಹೇಳಲಿಲ್ಲ? ಹೇಳಿದ್ದಿರೇನೋ. ನಾನು ಅರ್ಜಿ ಹಿಡಿದು ತಹಶೀಲ್ದಾರರ ಕಚೇರಿಯಲ್ಲಿದ್ದೆ.

ಚಿಂತಾಕಿಗೆ ವಾಪಸ್ಸು ಹೋದ ಮೇಲೆ ಅವ್ವ ನೆಟ್ಟಗೆ ಉಣ್ಣಲಿಲ್ಲ. “ತಪ್ಪು ಅತ್ತೇನಿ” ಎನ್ನುತ್ತಿದ್ದಳು. ನಮ್ಮಲ್ಲಿ ತಪ್ಪು ಅಳುವುದೆಂದರೆ ಸಣ್ಣ ಮಾತಲ್ಲ, ಬೇರೆಯವರ ಸೀರೆ ಹೊದಿಸಿ ಹೆಣ ಕಳಿಸಿದ ಹಾಗೆ. ಒಂದು ದಿನ ನನಗೆ ಹೇಳಿದಳು: “ಆ ಸಿಸ್ಟರವ್ವಗ ಫೋನ್ ಹಚ್ಚಿ ಕೊಡು.” ಹಚ್ಚಿ ಕೊಟ್ಟೆ. ಅಂದಿನಿಂದ ಆ ಇಬ್ಬರು ಮುದುಕಿಯರು ಫೋನಿನಲ್ಲಿ ಮಾತಾಡುತ್ತಾರೆ ಅಕ್ಕೋರೇ. ಒಬ್ಬಳು ಕುರಿ ಹಟ್ಟಿಯಿಂದ, ಒಬ್ಬರು ಚಿದ್ರಿಯ ಅಡುಗೆಮನೆಯಿಂದ. ಮಾತೆಲ್ಲ ನಿಮ್ಮದೇ. ಏನು ಉಣ್ಣುತ್ತಿದ್ದರು, ಯಾರ ಮೇಲೆ ಸಿಟ್ಟು, ಬಿಸಿಲಲ್ಲಿ ಛತ್ರಿ ಹಿಡಿಯುತ್ತಿದ್ದರೋ ಇಲ್ಲವೋ.

ನಿಮ್ಮ ವರ್ಷದ ದಿನ ಹೋದ ವಾರ ಬಂತು. ಮಧ್ಯಾಹ್ನ ನಾವು ಮೂವರೂ ಸಮಾಧಿಗೆ ಹೋದೆವು. ಮಾರ್ಥಾ ಸಿಸ್ಟರ್ ಹೂವಿಟ್ಟು, ಸಣ್ಣ ಪ್ರಾರ್ಥನೆ ಮಾಡಿ, ಹೊರಡೋಣ ಎಂಬಂತೆ ಕೈಚೀಲ ಎತ್ತಿಕೊಂಡರು. ಅವ್ವ ಕದಲಲಿಲ್ಲ.

“ಸಿಸ್ಟರವ್ವಾ, ಇನ್ನೊಮ್ಮಿ ಅಳ್ತೇನ್ರಿ. ಈ ಸಲ ಖರೆ ಅಳ್ತೇನಿ. ಗಂಡನ್ನ ತಗದು ಹಾಕ್ತೇನಿ, ರಾಶಿ ತಗದು ಹಾಕ್ತೇನಿ...”

“ಗಂಡನ್ನ ತಗೀರಿ. ಬ್ಯಾಡಾಗಿದ್ದ, ಅದಕ್ಕೇ ಮಾಡ್ಕೊಳ್ಳಲಿಲ್ಲ ಆಕಿ. ಹೊಲ ತಗೀರಿ, ಇದ್ದವರಿಗಿ ಬರೀ ಕೋರ್ಟು ಕಚೇರಿ. ಕುರಿ ಇರಲಿ.”

“ಖರೆ ಕುರಿ ಇರಲಿಲ್ಲಲ್ರಿ?”

“ಇದ್ದವ್ರಿ. ಒಂದು ನಿಮ್ಮ ಪಕ್ಕದಾಗ ನಿಂತಾದ ನೋಡ್ರಿ.”

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕುರಿ ಸಾಕುವವರು ಕೇಳುವಂತೆಯೇ ಕೇಳಿದಳು: “ಹೆಸರ ಹೇಳ್ರಿ. ಹೆಸರ ಇಲ್ದ ಕುರಿ ಹ್ಯಾಂಗ ಕರೀಲಿ?”

ಮಾರ್ಥಾ ಸಿಸ್ಟರ್ ಕೈಚೀಲ ಹಿಡಿದೇ ಹೇಳತೊಡಗಿದರು. ಸುಶೀಲಾ. ರೆಬೆಕ್ಕಾ. ಮೆಹಕರದ ಅನಸೂಯಾ. ಕುಂಟುತ್ತಿದ್ದಳಲ್ಲ, ಆ ನೂರಜಹಾನ್. ಹಾಸ್ಟೆಲಿನಿಂದ ಓಡಿಹೋಗಿದ್ದ ಕಮಲಾಬಾಯಿ. ಚಿಂತಾಕಿಯ ಮಾಳವ್ವ. ಔಷಧಿಯ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಎಲ್ಲಿಯೋ ಒಂದು ಹೆಸರಿನಲ್ಲಿ ಆ ದನಿ ತಪ್ಪಿತು. ಸಿಸ್ಟರ್ ಕಲ್ಲಿನ ಪಕ್ಕ ಕುಸಿದು ಕೂತರು. ಅವ್ವ ಅಳಲಿಲ್ಲ, ಅಕ್ಕೋರೇ. ಅವ್ವ ಹಿಂದಿನಿಂದ ಅವರ ಬೆನ್ನು ಹಿಡಿದು “ಹ್ಞೂಂ, ಅನ್ರಿ, ಅನ್ರಿ” ಎಂದಳು.

ನಿಮ್ಮ ತಂಗಿ ಅತ್ತರು. ಜೀವಮಾನವಿಡೀ ಹೆಣ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳದ ಮಾರ್ಥಾ ಸಿಸ್ಟರ್ ಹಾಡ್ಯಾಡಿ ಅತ್ತರು. ನಮ್ಮ ಧಾಟಿ ಅವರಿಗೆ ಬರಲಿಲ್ಲ. ಗೊತ್ತಿದ್ದದ್ದು ಕೀರ್ತನೆಯ ಧಾಟಿ, ಅದರಲ್ಲೇ ಅತ್ತರು. ಅದರಲ್ಲಿ ಕಮಲವಿರಲಿಲ್ಲ, ಹಾಲಿನ ಗಡಿಗೆಯಿರಲಿಲ್ಲ. ಹೆಸರು ಹಿಡಿದು ನಿಮ್ಮನ್ನು ಕರೆದರು, ಅಷ್ಟೇ. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ, ನೀವು ಇದನ್ನು ತಿದ್ದಬೇಡಿ:

“ರೂತೀ... ಅಕ್ಕಾ... ಚಹಾ ಮಾಡಿ ಕರದ್ರ ಇನ್ನ ಎರಡ ಪೇಪರ್ ಅದಾವ, ತಿದ್ದಿ ಬರ್ತೇನಿ ಅಂತಿದ್ದೀ... ದಿನಾ ಹಂಗೇ ಅಂತಿದ್ದೀ... ಎರಡು ಕಪ್ಪ ಮಾಡ್ತೇನಿ ನಾ ಇನ್ನೂ, ಅಕ್ಕಾ... ಆರ್ತದ ನೋಡು... ಮುಗದಾವೇನ ಪೇಪರ್? ಬಾ ಇನ್ನ...”

ನಿಮ್ಮ
ಮಾಳವ್ವ